ಹೆಗಲ ಎತ್ತರ

ಕಲಾಶಾಲೆಯ ಅರ್ಜಿಯಲ್ಲಿ ಏಳನೆಯ ಪ್ರಶ್ನೆ ಹೀಗಿತ್ತು: 'ಈವರೆಗೆ ನೀವು ಮಾಡಿದ ವಸ್ತುಗಳಲ್ಲಿ ಇಂದಿಗೂ ಉಳಿದಿರುವುದು ಯಾವುದು?' ಮೂರು ದಿನ ನಾನು ಆ ಸಾಲಿನ ಮುಂದೆ ಪೆನ್ನು ಹಿಡಿದು ಕೂತಿದ್ದೆ. ನನಗೆ ಆಗ ಇಪ್ಪತ್ತಾರು ವರ್ಷ. ಅಷ್ಟು ವರ್ಷಗಳಲ್ಲಿ ನಾನು ಮಾಡಿದ್ದು ಅಂತ ಏನೂ ಇರಲಿಲ್ಲ. ಬೇರೆಯವರು ಮಾಡಿದ್ದನ್ನು ಉಳಿಸಿಕೊಡುವುದೇ ನನ್ನ ಕಸುಬಾಗಿತ್ತು.

ನಮ್ಮ ಊರಿನಲ್ಲಿ ವಸ್ತುಗಳಿಗೆ ಮನುಷ್ಯರ ಕೈ ಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಯಾರ ಕೈಯೂ ತಾಗದ ವಸ್ತು ಮೊದಲು ಬಣ್ಣ ಬಿಡುತ್ತದೆ, ಆಮೇಲೆ ಅಂಚು ಬಿಡುತ್ತದೆ, ಎರಡನೆಯ ಅಮಾವಾಸ್ಯೆ ಬರುವಷ್ಟರಲ್ಲಿ ಜಾಗವನ್ನೇ ಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಯಾರ ಮನೆಯಲ್ಲೂ ಅಟ್ಟವಿಲ್ಲ, ಗಾಜಿನ ಷೋಕೇಸಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಹೆಂಚು ತಟ್ಟುವ ದಿನ. ಊರಿಗೆ ಊರೇ ಏಣಿ ಹಾಕಿಕೊಂಡು ಸೂರು ಹತ್ತುತ್ತದೆ; ಹಸುವಿನ ಬೆನ್ನು ತಟ್ಟಿದ ಹಾಗೆ ಹೆಂಚುಗಳನ್ನು ತಟ್ಟುತ್ತಾ ಆಚೆ ಸೂರಿನವರ ಜೊತೆ ಹರಟುತ್ತದೆ. ಎಷ್ಟೋ ಮದುವೆಗಳು ಸೂರಿನ ಮೇಲೆಯೇ ಕುದುರಿವೆ. ಇನ್ನೊಬ್ಬರ ವಸ್ತುವನ್ನು ಕೇಳದೆ ಮುಟ್ಟುವುದು ಮಾತ್ರ ನಮ್ಮಲ್ಲಿ ದೊಡ್ಡ ಅವಮರ್ಯಾದೆ. 'ನಿನ್ನ ಕೈಲಿ ಆಗ್ತಿಲ್ಲ ಬಿಡು' ಎಂದು ಮುಖದ ಮೇಲೆ ಹೇಳಿದಂತೆ ಅದು.

ಮೇಲಿನ ಬೀದಿಯ ದೊಡ್ಡ ಮನೆಗಳಲ್ಲಿ ಸಾಮಾನು ಜಾಸ್ತಿ, ಕೈ ಕಡಿಮೆ. ಅಂಥ ಮನೆಗಳಿಗೆ ನಾನು ಕೈಯಾಡಿಸಲು ಹೋಗುತ್ತಿದ್ದೆ. ಯಾರದೋ ಮದುವೆಗೆ ಬಂದ ಬೆಳ್ಳಿ ತಂಬಿಗೆ, ಯಾರೂ ನುಡಿಸದ ಹಾರ್ಮೋನಿಯಂ, ತೀರಿಕೊಂಡ ಯಜಮಾನರ ಕನ್ನಡಕದ ಡಬ್ಬಿ, ಒಂದೊಂದನ್ನೂ ಎತ್ತಿ, ಹಿಡಿದು, ಅದರ ಜಾಗದಲ್ಲಿಟ್ಟು ಮುಂದಿನದಕ್ಕೆ ಹೋಗುವುದು. ಎಂಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೊಂದು ವಿಷಯ ತಿಳಿಯಿತು. ನನ್ನಂಥವಳು ಬಂದು ಮುಟ್ಟಬೇಕಾದ ವಸ್ತುವಿನ ಮೈ ಎಲ್ಲ ಕಡೆ ಒಂದೇ ಸಮ ಇರುತ್ತದೆ. ಮನೆಯವರೇ ಬಳಸುವ ವಸ್ತು ಎಲ್ಲೋ ಒಂದು ಕಡೆ ಸವೆದಿರುತ್ತದೆ. ಒರಳಿನ ಒಂದು ಅಂಚು, ಮೆಟ್ಟಿಲು ತಿರುಗುವಲ್ಲಿ ಗೋಡೆಯ ಮೂಲೆ, ಬಾಗಿಲಿನ ಅಗುಳಿಯ ತುದಿ. ಅಂಥ ಜಾಗದ ಮೇಲೆ ತೆಳುವಾದ ಕಾಗದವಿಟ್ಟು ಇದ್ದಿಲಿನಿಂದ ಉಜ್ಜಿದರೆ ಸವಕಳಿಯೆಲ್ಲ ಮೋಡದ ಹಾಗೆ ಮೂಡುತ್ತಿತ್ತು. ಮನೆಯವರನ್ನು ಕೇಳಿಯೇ ಉಜ್ಜುತ್ತಿದ್ದೆ. ಹಾಗೆ ಉಜ್ಜಿದ ಕಾಗದಗಳು ನೂರರ ಮೇಲಾಗಿದ್ದವು. ಭಾನುವಾರ ಅವನ್ನು ಹರಡಿಕೊಂಡು ಕೂತರೆ ಊಟದ ಹೊತ್ತು ಮೀರಿದ್ದೂ ತಿಳಿಯುತ್ತಿರಲಿಲ್ಲ.

ಏಳನೆಯ ಪ್ರಶ್ನೆಯ ಮುಂದೆ ಕೊನೆಗೆ 'ಏನೂ ಇಲ್ಲ' ಎಂದು ಬರೆದೆ. ಆಮೇಲೆಯೇ ಅರ್ಜಿಯನ್ನು ಅಮ್ಮನಿಗೆ ತೋರಿಸಿದ್ದು.

ಅಮ್ಮ ನಳಿನಕ್ಕನ ಕೋಣೆಯಲ್ಲಿದ್ದಳು. ನಳಿನಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಹತ್ತೊಂಬತ್ತರ ವಯಸ್ಸಿನಲ್ಲಿ ಜ್ವರ ಬಂದು ಐದು ದಿನದಲ್ಲಿ ಹೋಗಿಬಿಟ್ಟಳು. ಅವಳ ಚಿಕ್ಕಂದಿನ ಫ್ರಾಕುಗಳು, ದೊಡ್ಡವಳಾದ ಮೇಲಿನ ಲಂಗಗಳು, ಬಾಚಣಿಗೆ, ಗುಂಡಿ ತುಂಬಿಟ್ಟ ಬಿಸ್ಕತ್ತಿನ ಡಬ್ಬಿ, ಒಂಟಿ ಓಲೆ ಎಲ್ಲವೂ ಅವಳು ಇಟ್ಟ ಜಾಗದಲ್ಲೇ ಇದ್ದವು. ಅಮ್ಮ ದಿನವೂ ಸ್ನಾನ ಮಾಡಿ ಕಿಟಕಿಯ ಕಡೆಯಿಂದ ಶುರು ಮಾಡಿದರೆ ಬಾಗಿಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ತಿಂಗಳಿಗೊಮ್ಮೆ ಮುಟ್ಟಿದರೆ ಸಾಲದೇ ಎಂದು ನೆರೆಯವರು ಹೇಳಿ ಹೇಳಿ ಸುಮ್ಮನಾಗಿದ್ದರು. "ಯಾವುದೋ ಒಂದು ಮರೆತು ಹೋದ್ರೆ?" ಎನ್ನುತ್ತಿದ್ದಳು. ಮಂಡಿ ನೋವಿನಿಂದ ಸ್ಟೂಲು ಹತ್ತಲಾಗದೆ ಎತ್ತರದ ಹಲಗೆಯ ಮೇಲಿದ್ದ ಹನ್ನೊಂದು ನೋಟ್‌ಬುಕ್ಕುಗಳು ಮಾತ್ರ ಅವಳಿಗೆ ಎಟುಕುತ್ತಿರಲಿಲ್ಲ, ಕೆಳಗಿನಿಂದ ಕಾಣುತ್ತಲೂ ಇರಲಿಲ್ಲ. ಕೆಳಗಿಡೋಣ ಎಂದರೆ ಒಪ್ಪುತ್ತಿರಲಿಲ್ಲ. ಅವು ನನ್ನ ಪಾಲಿಗೆ ಬಂದಿದ್ದವು.

ಅಮ್ಮ ಅರ್ಜಿಯನ್ನು ಓದಿ ಮಡಿಲಲ್ಲಿಟ್ಟುಕೊಂಡಳು. "ವಿನ್ಯಾಸದ ಪದವಿ ಅಂದ್ರೆ ಏನೇ ಅದು?"

"ವಸ್ತು ಹೇಗಿರಬೇಕು ಅಂತ ಯೋಚನೆ ಮಾಡಿ ಮಾಡೋದನ್ನ ಕಲಿಸ್ತಾರಮ್ಮ. ನಾಲ್ಕು ವರ್ಷ."

"ಇರೋ ಸಾಮಾನಿಗೇ ಕೈ ಸಾಲ್ತಿಲ್ಲ. ನೀನು ಇನ್ನೂ ಮಾಡಿ ಗುಡ್ಡೆ ಹಾಕಿದ್ರೆ ಯಾರೇ ಮುಟ್ಟೋರು?"

"ಗೊತ್ತಿಲ್ಲಮ್ಮ. ಅದನ್ನೇ ಕಲೀಬೇಕು ಅಂತ."

ಅವಳು ಕಿಟಕಿಯಾಚೆ ನೋಡಿದಳು. ಬಾಚಣಿಗೆಯನ್ನು ಎತ್ತಿಕೊಂಡು ಹಲ್ಲುಗಳ ಮೇಲೆ ಬೆರಳು ಓಡಿಸಿದಳು. "ನಳಿನಿ ನೋಟ್‌ಬುಕ್ಕು?"

"ದಿನಾ ಬೆಳಿಗ್ಗೆ ಮುಟ್ಟೇ ಹೋಗ್ತೀನಿ."

"ಆಣೆ ಮಾಡು."

ಮಾಡಿದೆ.

ಕಲಾಶಾಲೆ ಕೆರೆಯ ಆಚೆ ದಡದಲ್ಲಿದೆ. ಸಂದರ್ಶನದ ದಿನ ದೋಣಿಯಲ್ಲಿ ಹೋಗುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹುಟ್ಟು ಹಾಕುವವನ ಕೈ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ದಡ ಎಲ್ಲಿ ಮುಗಿದು ಕಟ್ಟಡ ಎಲ್ಲಿ ಶುರುವಾಯಿತೆಂದು ತಿಳಿಯದೆ ಒಂದು ಉದ್ದನೆಯ ಪಡಸಾಲೆಗೆ ಬಂದು ನಿಂತಿದ್ದೆ. ಅಲ್ಲಿ ಸುಮಾರು ನಲವತ್ತು ಜನ ಹುಡುಗರು ಹುಡುಗಿಯರು ತಾವು ಮಾಡಿದ್ದನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿ ಹಾಕಿಸಲು ಮಗುವನ್ನು ಕರೆತಂದ ತಾಯಂದಿರ ಹಾಗೆ ಮೇಲೆಲ್ಲ ಕೈಯಾಡಿಸುತ್ತಾ ಕೂತಿದ್ದರು. ನನ್ನ ಪಕ್ಕದಲ್ಲಿದ್ದ ಪ್ರಭಂಜನ ಎಂಬ ಹುಡುಗನ ಹತ್ತಿರ ಹಿತ್ತಾಳೆಯ ಗಡಿಯಾರವಿತ್ತು. ಗಂಟೆಗೊಮ್ಮೆ ಅದರೊಳಗಿಂದ ನೀರಿನ ಸದ್ದು ಬರುತ್ತಿತ್ತು. "ನಿಮ್ಮದೇನು?" ಎಂದು ಕೇಳಿದ. ನಾನು ಕಾಗದದ ಸುರುಳಿಯನ್ನು ತೋರಿಸಿದೆ. ಅವನು ಪಾಪ ಎನ್ನುವ ಹಾಗೆ ನೋಡಿ ಮುಖ ತಿರುಗಿಸಿದ.

ಒಳಗೆ ಮೂವರಿದ್ದರು. ನಡುವೆ ಫ್ಲೋರಿನ್ ಮೇಡಂ, ವಿಭಾಗದ ಮುಖ್ಯಸ್ಥೆ. ಕತ್ತಿನವರೆಗೆ ಕತ್ತರಿಸಿದ ಬಿಳಿ ಕೂದಲು, ಸೆಕೆಗಾಲದಲ್ಲೂ ಬಿಡದ ಸ್ವೆಟರು. ಎಡಗಡೆ ಮರಗೆಲಸ ಕಲಿಸುವ ಕಾಸಿಂ ಮಾಸ್ತರು. ಬಲಗಡೆ ಅರ್ಜಿಗಳನ್ನು ಓದುತ್ತಿದ್ದ ಒಬ್ಬ ಕಚೇರಿಯವರು.

"ಏಳನೇ ಪ್ರಶ್ನೆಗೆ ಏನೂ ಇಲ್ಲ ಅಂತ ಬರೆದಿದ್ದಾರೆ," ಎಂದರು ಕಚೇರಿಯವರು.

ಮೇಡಂ ನನ್ನ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. "ಇದೇನಮ್ಮ?"

"ಅಗುಳಿ ಮೇಡಂ."

"ಅಗುಳಿ ಎಲ್ಲಿದೆ ಇದರಲ್ಲಿ?"

"ಅಗುಳಿ ಇಲ್ಲ. ಅದು ಸವೆದಿರೋ ಜಾಗ."

"ವಸ್ತು ಬಿಟ್ಟು ಸವಕಳಿ ಯಾಕೆ ತಂದೆ?"

"ವಸ್ತು ಎಲ್ರಿಗೂ ಕಾಣುತ್ತೆ ಮೇಡಂ. ಕೈ ಎಲ್ಲಿಗೆ ಹೋಗುತ್ತೆ ಅನ್ನೋದು ಕಾಣಲ್ಲ."

ಕಾಸಿಂ ಮಾಸ್ತರು ಒಂದು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಓರೆಯಾಗಿ ಹಿಡಿದು ನೋಡಿ, "ಈ ಮನೇಲಿ ಎಡಚರು ಇದಾರೆ," ಎಂದರು. ಆ ಮನೆಯ ಅಜ್ಜಿ ಎಡಚಿ ಎಂದು ನನಗೆ ಗೊತ್ತಿತ್ತು. ನನ್ನ ಇದ್ದಿಲು ಅದನ್ನು ಹೇಳಿದೆ ಎನ್ನುವುದು ಗೊತ್ತಿರಲಿಲ್ಲ. ನನಗೆ ಅಳು ಬಂದ ಹಾಗಾಯಿತು. ಹದಿನೈದು ದಿನದ ಮೇಲೆ ಸೀಟು ಸಿಕ್ಕಿದ ಕಾಗದ ಬಂತು.

ಆ ಶಾಲೆಯಲ್ಲಿ ಗೋಡೆಗಳೆಲ್ಲ ಬರಿದು. ಹಿಂದೆ ಓದಿದವರ ಕೆಲಸ ಅಂತ ತೋರಿಸಲು ಒಂದು ಕೋಣೆಯೂ ಇಲ್ಲ. ಆದರೆ ಕ್ಯಾಂಟೀನಿನ ಬಾಗಿಲ ಬಳಿ ಒಂದು ಮೂರು ಕಾಲಿನ ಸ್ಟೂಲಿತ್ತು. ನಲವತ್ತು ವರ್ಷದ ಹಿಂದೆ ಯಾರೋ ವಿದ್ಯಾರ್ಥಿ ಮಾಡಿದ್ದಂತೆ. ಯಾರೆಂದು ಯಾರಿಗೂ ನೆನಪಿರಲಿಲ್ಲ, ಆದರೆ ಅದರ ಮೇಲೆ ಕೂರಲು ದಿನವೂ ಜಗಳ. ಮೊದಲ ವರ್ಷ ನಮಗೆ ಕಣ್ಣಿಗೆ ಬಟ್ಟೆ ಕಟ್ಟಿ ತಂಬಿಗೆಯನ್ನು ತಡವಿಸಿ, ಬಟ್ಟೆ ಬಿಚ್ಚಿ ಅದನ್ನು ಬರೆಯಲು ಹೇಳುತ್ತಿದ್ದರು. ಪಕ್ಕದವರ ಕೈಗೆ ಒಪ್ಪುವ ಚಮಚ ಮಾಡಿಸಿದರು. ರಟ್ಟು ಕತ್ತರಿಸಿ, ಅಂಟಿಸಿ, ಕಿತ್ತು, ಮತ್ತೆ ಕತ್ತರಿಸಿ ನನ್ನ ಬೆರಳುಗಳೆಲ್ಲ ಗೀರು. ನಾವು ಏನೇ ಮಾಡಿ ಒಯ್ದರೂ ಫ್ಲೋರಿನ್ ಮೇಡಂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಯಾರಿಗೆ?" ಎಲ್ಲರಿಗೂ ಎಂದರೆ ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು. ಪ್ರಭಂಜನ ಒಮ್ಮೆ ಸಿಟ್ಟಿನಿಂದ, "ನನಗೆ ಮೇಡಂ, ನನ್ನ ಖುಷಿಗೆ," ಎಂದ. "ಸರಿ ಹಾಗಾದ್ರೆ, ಮನೆಗೆ ತಗೊಂಡು ಹೋಗಿ ನೀನೇ ಮುಟ್ಕೊಂಡಿರು," ಎಂದರು. ಎಲ್ಲರೂ ನಕ್ಕೆವು, ಅವನೂ ನಕ್ಕ.

ನಾನು ಎಂದೂ ಅಷ್ಟು ಸಂತೋಷವಾಗಿದ್ದವಳಲ್ಲ. ಅದೇ ಮುಳುವಾಯಿತು. ಮೂರನೆಯ ವರ್ಷ ಕುರ್ಚಿ ಮಾಡುವ ಕೆಲಸ. ಕಾಸಿಂ ಮಾಸ್ತರು ಬೆಳಿಗ್ಗೆ ಆರಕ್ಕೇ ಕಾರ್ಯಾಗಾರ ತೆರೆಯುತ್ತಿದ್ದರು. ಮೊದಲ ದೋಣಿ ಹಿಡಿಯುವ ಆತುರದಲ್ಲಿ ಒಂದು ದಿನ ನೋಟ್‌ಬುಕ್ಕು ಮುಟ್ಟದೆ ಹೋದೆ. ತಿಂಗಳೆಲ್ಲ ಇದೆಯಲ್ಲ, ನಾಳೆ ಮುಟ್ಟಿದರಾಯಿತು ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಆಮೇಲೆ ಅಂದುಕೊಳ್ಳುವುದೂ ನಿಂತುಹೋಯಿತು. ಕುರ್ಚಿಯ ಬೆನ್ನು ಎಷ್ಟು ಬಾಗಬೇಕು ಎನ್ನುವುದೊಂದೇ ತಲೆಯಲ್ಲಿ. ಕುರ್ಚಿ ಮುಗಿದ ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ ಕೈ ಚಾಚಿದೆ. ಕೈಗೆ ಸಿಕ್ಕಿದ್ದು ಬರೀ ಹಲಗೆ. ಧೂಳಿನ ನಡುವೆ ನೋಟ್‌ಬುಕ್ಕಿನ ಅಳತೆಯ ಚೌಕವೊಂದು ಖಾಲಿ ಉಳಿದಿತ್ತು.

"ಮುಟ್ಟಿದ್ಯಾ?" ಎಂದು ಅಮ್ಮ ಅಡಿಗೆಮನೆಯಿಂದ ಕೇಳಿದಳು. ಎರಡು ತಿಂಗಳಿಂದ ಅವಳು ಹಾಗೆ ಕೇಳುತ್ತಿದ್ದಳು, ನಾನು ಹೊಸಿಲು ದಾಟುತ್ತಾ ಹೂಂ ಎನ್ನುತ್ತಿದ್ದೆ.

"ಇಲ್ಲಮ್ಮ," ಎಂದೆ.

ಅವಳು ಬಂದು ಬಾಗಿಲಲ್ಲಿ ನಿಂತಳು. ತಲೆಯೆತ್ತಿ ಹಲಗೆಯನ್ನು ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಲೆಯ ಕಡೆ ಹೋದಳು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. 'ಊಟಕ್ಕಿಟ್ಟಿದೆ', 'ಬಾಗಿಲು ಹಾಕ್ಕೋ', ಅಷ್ಟೇ. ತಟ್ಟೆ ಕೊಡುವಾಗಲೂ ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋಗುತ್ತಿದ್ದಳು. ಒಂದು ವರ್ಷ ಹಾಗೇ ಕಳೆಯಿತು.

ಕೊನೆಯ ವರ್ಷದ ಪರೀಕ್ಷೆ ನಮ್ಮ ಶಾಲೆಯಲ್ಲಿ ಹೀಗಿರುತ್ತದೆ. ನೀವು ಮಾಡಿದ ಒಂದು ವಸ್ತುವನ್ನು ಊರಿನೊಳಗೆ ಒಂದು ಕಡೆ ಇಟ್ಟು ಬರಬೇಕು. ಹೆಸರು ಬರೆಯುವ ಹಾಗಿಲ್ಲ, ಮುಟ್ಟಿ ಎಂದು ಯಾರಿಗೂ ಹೇಳುವ ಹಾಗಿಲ್ಲ, ಇಟ್ಟ ಮೇಲೆ ನೀವೂ ಮುಟ್ಟುವ ಹಾಗಿಲ್ಲ. ಮೂರನೆಯ ಅಮಾವಾಸ್ಯೆಯ ಮರುದಿನ ಪರೀಕ್ಷಕರು ಬಂದಾಗ ಅದು ಇದ್ದರೆ ಪಾಸು. ಬಣ್ಣಗೆಟ್ಟರೆ ಒಂದೇ ಒಂದು ಸಲ ಬದಲಾಯಿಸಬಹುದು, ಆಗ ಅಮಾವಾಸ್ಯೆಯ ಲೆಕ್ಕ ಮತ್ತೆ ಮೊದಲಿನಿಂದ. ಅದೂ ಹೋದರೆ ಪದವಿ ಇಲ್ಲ, ಮತ್ತೆ ಸೇರಿಸಿಕೊಳ್ಳುವುದೂ ಇಲ್ಲ. ನಾನಾದರೆ ಮೇಲಿನ ಬೀದಿಗೆ ವಾಪಸು ಹೋಗಿ ಹಾರ್ಮೋನಿಯಂ ಸವರಬೇಕು. ಪ್ರಭಂಜನ ದೋಣಿ ಕಟ್ಟೆಯಲ್ಲಿ ಒಂದು ಗಂಟೆ ತೂಗುಹಾಕಿದ. ಗಂಟೆ ಕಂಡರೆ ಯಾರ ಕೈ ಸುಮ್ಮನಿರುತ್ತದೆ? ಅವನು ನಿಶ್ಚಿಂತೆಯಾಗಿ ತಿರುಗಾಡಿಕೊಂಡಿದ್ದ.

ನಾನು ಆರಿಸಿದ್ದು ಕೆಳಗಿನ ಬೀದಿಯ ದವಾಖಾನೆಯ ಜಗಲಿ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಬಸುರಿಯರು, ಮುದುಕರು, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರು ಒಂಟಿ ಕಾಲಿನಲ್ಲಿ ನಿಂತು ಓಲಾಡುತ್ತಾ ಚಪ್ಪಲಿಯ ಪಟ್ಟಿಗಾಗಿ ತಡಕಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅಲ್ಲೊಂದು ಹಿಡಿದುಕೊಳ್ಳುವ ಕಂಬ ಬೇಕಾಗಿತ್ತು. ಡಾಕ್ಟರನ್ನು ಒಪ್ಪಿಸಿದೆ. ಬೀಟೆ ಮರದಲ್ಲಿ ಸೊಂಟದೆತ್ತರದ ಕಂಬ ಮಾಡಿ, ಮೇಲೆ ಬಳ್ಳಿ ಕೆತ್ತಿ, ಮುಖ ಕಾಣುವ ಹಾಗೆ ಹೊಳಪು ಕೊಟ್ಟೆ. ನಾಲ್ಕು ವರ್ಷ ಕಲಿತದ್ದೆಲ್ಲ ಅದರಲ್ಲಿತ್ತು.

"ಚಂದ ಆಗಿದೆಯಮ್ಮ," ಎಂದರು ಕಾಸಿಂ ಮಾಸ್ತರು, ಯಾರಿಗೋ ಹುಷಾರಿಲ್ಲ ಎನ್ನುವ ದನಿಯಲ್ಲಿ.

ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಜನ ಬರುತ್ತಿದ್ದರು, ಕಂಬವನ್ನು ನೋಡುತ್ತಿದ್ದರು, ಯಾರ ಮನೆಯದೋ ಎಂದು ಮೆಚ್ಚಿಕೊಂಡು ಸುತ್ತು ಹಾಕಿ ಹೋಗಿ ಗೋಡೆಯ ಪಕ್ಕ ಕುಂಟುತ್ತಿದ್ದರು. ಜೊತೆಗೆ ಯಾರಾದರೂ ಇದ್ದರೆ ಅವರನ್ನು ಹಿಡಿದುಕೊಳ್ಳುತ್ತಿದ್ದರು. ಮೊದಲ ಅಮಾವಾಸ್ಯೆ ಕಳೆದು ನೋಡಿದರೆ ಕಂಬ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿತ್ತು. ವಾರದೊಳಗೆ ಬರೀ ಹಾಲು. ಬಳ್ಳಿಯ ಎಲೆಗಳು ಒಂದರೊಳಗೊಂದು ಕರಗಿದ್ದವು.

ಆ ದಿನಗಳಲ್ಲೇ ಅಮ್ಮನ ಮಂಡಿ ಊದಿಕೊಂಡಿತು. ಯಾವಾಗಲೂ ಅವಳ ಜೊತೆ ಹೋಗುತ್ತಿದ್ದ ಪಕ್ಕದ ಮನೆಯವರು ಊರಲ್ಲಿರಲಿಲ್ಲ. "ದವಾಖಾನೆಗೆ ಹೋಗಬೇಕಿತ್ತು," ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತೆ. ಇಬ್ಬರೂ ನಡೆದೆವು. ಬಿಸಿಲು ಆಗಷ್ಟೇ ಏರುತ್ತಿತ್ತು. ಬೀದಿಯಲ್ಲಿ ಯಾರೋ ಬಾಗಿಲ ಬಳಿ ಕೂತು ಹಳೆಯ ಬೀಗದ ಕೈಗಳನ್ನು ಒಂದೊಂದಾಗಿ ಸವರುತ್ತಿದ್ದರು.

ಜಗಲಿ ಹತ್ತಿದ ಅಮ್ಮ ಕಂಬವನ್ನು ನೋಡಿ, "ಪಾಪ, ಯಾರದೋ ಹೋಗ್ತಾ ಇದೆ," ಎಂದಳು. ಅದು ನನ್ನದೆಂದು ಅವಳಿಗೆ ಗೊತ್ತಿರಲಿಲ್ಲ. ಅದಕ್ಕೆ ಸುತ್ತು ಹಾಕಿ ಈಚೆ ಬಂದು, ಎಡಗಾಲೆತ್ತಿದಳು. ಅವಳ ಬಲಗೈ ನನ್ನ ಹೆಗಲ ಮೇಲೆ ಬಿತ್ತು.

ಅವಳು ಯೋಚಿಸಿ ಇಟ್ಟ ಕೈಯಲ್ಲ ಅದು. ಬೀಳುವ ಹಾಗಾದಾಗ ತಾನಾಗಿ ಬಂದ ಕೈ. ನಾಲ್ಕು ಬೆರಳು ಹೆಗಲ ಹಿಂದಕ್ಕೆ ಇಳಿದಿದ್ದವು, ಹೆಬ್ಬೆರಳು ಮುಂದೆ ಎಲುಬಿನ ಮೇಲೆ ಒತ್ತಿತ್ತು. ಅವಳ ಇಡೀ ಭಾರ ನನ್ನ ಮೇಲಿತ್ತು. ಒಂದು ಚಪ್ಪಲಿ ಬಿಟ್ಟಳು. ಇನ್ನೊಂದು ಬಿಟ್ಟಳು. ಎರಡೂ ಕಾಲು ನೆಲದ ಮೇಲೆ ಊರಿದ ಮೇಲೂ ಕೈ ಅಲ್ಲೇ ಇತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ, ಹೆಗಲ ಮೇಲೆ ಹಕ್ಕಿ ಕೂತವರ ಹಾಗೆ.

ಒಳಗೆ ಬೆಂಚಿನ ಮೇಲೆ ಸರದಿ ಕಾಯುತ್ತಾ ಕೂತೆವು. "ಹೊರಗಿರೋ ಕಂಬ ನಂದೇ ಅಮ್ಮ," ಎಂದೆ. "ಪರೀಕ್ಷೆಗೆ ಮಾಡಿದ್ದು."

ಅಮ್ಮ ತಿರುಗಿ ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಮುಖಕ್ಕೆ ಮುಖ ಕೊಟ್ಟು ನೋಡಿದಳು. "ಅಯ್ಯೋ. ಗೊತ್ತಿದ್ರೆ ಹಿಡ್ಕೋತಿದ್ನಲ್ಲೇ."

"ಗೊತ್ತಿಲ್ಲದೇ ಹಿಡ್ಕೋಬೇಕು. ಯಾಕೆ ಹಿಡ್ಕೊಳ್ಲಿಲ್ಲ?"

"ಅಷ್ಟು ಚಂದದ್ದನ್ನ ಕಂಡೋರು ಹಿಡ್ಕೋತಾರಾ? ಯಾರೋ ಆಸೆಪಟ್ಟು ಮಾಡ್ಸಿಟ್ಟಿದಾರೆ ಅನ್ಸುತ್ತೆ. ಅದೂ ಅಲ್ದೆ, ನೀನಿದ್ಯಲ್ಲ."

ಒಳಗಿನ ಕೋಣೆಯಲ್ಲಿ ಯಾರದೋ ಮಗು ಕೆಮ್ಮುತ್ತಿತ್ತು. ಅಮ್ಮ ತನ್ನ ಮಂಡಿಯನ್ನು ನೀವಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು: "ನಳಿನಿ ನೋಟ್‌ಬುಕ್ಕು ಹೋದ ದಿನ ಮಧ್ಯಾಹ್ನ ನಾನು ಮಲಗಿಬಿಟ್ಟೆ, ಗೊತ್ತಾ? ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ಹಗಲು ನಿದ್ದೆ ಬಂತು. ಎದ್ದಾಗ ಮೈ ಹಗುರಾಗಿತ್ತು. ಹನ್ನೊಂದು ಸಾಮಾನು ಕಡಿಮೆ ಆಯ್ತಲ್ಲ ಅಂತ. ಹೆತ್ತ ತಾಯಿಗೆ ಹಾಗನ್ಸಬಹುದಾ? ನನ್ನ ಮೇಲೆ ನಂಗೇ ಎಷ್ಟು ಕೋಪ ಬಂತು ಅಂದ್ರೆ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ತಗೊಂಡು ನಿನ್ನ ಮೇಲೆ ಹಾಕಿದೆ, ಮಂದಾ."

ನರ್ಸು ಹೆಸರು ಕೂಗಿದಳು. ಅಮ್ಮ ಏಳಲು ಕೈ ಚಾಚಿದಳು, ನಾನು ಹೆಗಲು ಕೊಟ್ಟೆ.

ಮರುದಿನ ಬೆಳಿಗ್ಗೆ ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಕಾಲೆತ್ತಿಸಿದೆ. "ಇದೇನೇ ಹುಚ್ಚಾಟ," ಎಂದು ನಗುತ್ತಲೇ ಎತ್ತಿದಳು. ಅವಳ ಕೈ ಕೂತ ಎತ್ತರವನ್ನು ಅಳೆದೆ, ಬೆರಳು ಇಳಿದ ಓರೆಯನ್ನು ರಟ್ಟಿನಲ್ಲಿ ಕತ್ತರಿಸಿದೆ. ಕಾರ್ಯಾಗಾರದ ಹಿಂದೆ ಬಿದ್ದಿದ್ದ ಹಳೆಯ ಬೇವಿನ ತೊಲೆಯನ್ನು ಕೇಳಿ ಪಡೆದೆ. ಹೊಳಪು ಕೊಡಲಿಲ್ಲ, ಕೆತ್ತನೆ ಮಾಡಲಿಲ್ಲ. ಕಂಬದ ಮೇಲ್ತುದಿ ಎರಡೂ ಕಡೆ ಇಳಿಜಾರಾಗಿ, ಒಂದಿಷ್ಟು ಮುಂದಕ್ಕೆ ಬಾಗಿ, ನಿಂತು ಕಾಯುತ್ತಿರುವವರ ಹೆಗಲಿನ ಹಾಗೆ ಆಯಿತು. ಬಣ್ಣ ದವಾಖಾನೆಯ ಗೋಡೆಯದೇ. ಕಾಸಿಂ ಮಾಸ್ತರು ಬಂದು ಅದರ ಪಕ್ಕ ನಿಂತವರು, ನನ್ನ ಜೊತೆ ಬೇರೇನೋ ಮಾತಾಡುತ್ತಾ ಅದರ ಮೇಲೆ ಒರಗಿಕೊಂಡರು. ಹತ್ತು ನಿಮಿಷ ಮಾತಾಡಿ ಹೋದರು. ಚಂದ ಅನ್ನಲಿಲ್ಲ.

ಫ್ಲೋರಿನ್ ಮೇಡಂ ಎಂದಿನಂತೆ ಕೇಳಿದರು. "ಯಾರಿಗೆ?"

"ಒಬ್ಬರೇ ಬರೋರಿಗೆ ಮೇಡಂ."

ಅವರು ಸ್ವೆಟರಿನ ಗುಂಡಿ ಹಾಕಿಕೊಂಡು ರುಜು ಮಾಡಿದರು.

ಕಂಬ ನೆಟ್ಟ ಮೇಲೆ ಮೂರು ತಿಂಗಳು ನಾನು ಆ ಬೀದಿಗೆ ಹೋಗಲಿಲ್ಲ. ನೋಡಿದರೆ ಮುಟ್ಟಿಯೇನೆಂಬ ಹೆದರಿಕೆ. ಮನೆಯಲ್ಲಿ ಅಮ್ಮನ ಜೊತೆ ಇರುತ್ತಿದ್ದೆ. ಅಮ್ಮ ಆ ದಿನಗಳಲ್ಲಿ ನಳಿನಕ್ಕನ ಕೋಣೆಯಲ್ಲಿ ಕೂರುತ್ತಿದ್ದಳು, ಆದರೆ ಕಿಟಕಿಯಿಂದ ಶುರು ಮಾಡುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಮೊದಲು ಫ್ರಾಕುಗಳ ಹೂಗಳು ಮಾಸಿದವು. ಆಮೇಲೆ ಬೆಳಗಿನ ಬಿಸಿಲು ಅವುಗಳ ಮೂಲಕವೇ ಹಾದು ಗೋಡೆಗೆ ಬೀಳತೊಡಗಿತು. ಒಂದು ದಿನ ಹಳದಿ ಫ್ರಾಕು ಅನ್ನದಿಂದ ಏಳುವ ಹಬೆಯಷ್ಟೇ ಉಳಿದಿತ್ತು. ಅಮ್ಮ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಇದನ್ನ ಹಾಕ್ಕೊಂಡು ನಿನ್ನ ಹೊಂಡಕ್ಕೆ ತಳ್ಳಿದ್ಲು, ನೆನಪಿದ್ಯಾ?" ಎಂದಳು. ನೆನಪಿತ್ತು. ಕೆಸರು ಮೆತ್ತಿಕೊಂಡು ಇಬ್ಬರೂ ಏಟು ತಿಂದಿದ್ದೂ ನೆನಪಿತ್ತು. ನಾವು ಆ ಕಥೆಯನ್ನು ಹೇಳಿಕೊಂಡು ಮುಗಿಸಿ ತಲೆಯೆತ್ತಿದಾಗ ಮೊಳೆಯ ಮೇಲೆ ಬಿಸಿಲು ಮಾತ್ರ ಇತ್ತು. ಅಮ್ಮ ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಬಾಚಣಿಗೆಯಿಂದ ತಾನೇ ತಲೆ ಬಾಚಿಕೊಳ್ಳತೊಡಗಿದಳು. ಡಬ್ಬಿಯ ಗುಂಡಿಗಳನ್ನು ಬೀದಿಯವರ ಅಂಗಿಗಳಿಗೆಲ್ಲ ಹೊಲಿದುಕೊಟ್ಟಳು. ಮಧ್ಯಾಹ್ನದ ಹೊತ್ತು ನಿದ್ದೆ ಮಾಡಿದಳು.

ಮೂರನೆಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕರು ಬಂದರು. ಹೊರಗಿನವರು, ದಪ್ಪ ಮೈ, ಕೈಯಲ್ಲೊಂದು ಫೈಲು. ಅವರಿಗೆ ಜಾಗ ಮಾತ್ರ ಹೇಳುತ್ತಾರೆ, ವಸ್ತು ಯಾವುದೆಂದು ಹೇಳುವುದಿಲ್ಲ. ಫ್ಲೋರಿನ್ ಮೇಡಂ ಅವರ ಜೊತೆ ಮುಂದೆ, ನಾನು ಹಿಂದೆ. ಕೆಳಗಿನ ಬೀದಿಗೆ ತಿರುಗಿದೆವು. ಜಗಲಿಯ ಮುಂದೆ ಜನ ತುಂಬಿದ್ದರು. ಅವರ ಸಂದಿನಲ್ಲಿ ನನಗೆ ಏನೂ ಕಾಣಲಿಲ್ಲ. ಗೋಡೆ ಕಂಡಿತು, ಗೋಡೆಯ ಬಣ್ಣ ಕಂಡಿತು. ಹೋಯಿತು ಅಂದುಕೊಂಡೆ.

ಪರೀಕ್ಷಕರು ಜನರನ್ನು ಸರಿಸಿಕೊಂಡು ಜಗಲಿ ಹತ್ತಿದರು. ಸುತ್ತಲೂ ನೋಡಿದರು. ಒಳಗಿರಬಹುದೆಂದು ಚಪ್ಪಲಿ ಬಿಡಲು ಒಂದು ಕಾಲೆತ್ತಿ, "ಎಲ್ಲಮ್ಮ ನಿನ್ನ ಕೆಲಸ? ಇಲ್ಲಿ ಏನೂ ಕಾಣ್ತಿಲ್ವಲ್ಲ," ಎಂದರು.

ಮೇಡಂ ಪರೀಕ್ಷಕರ ಕೈಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ತುಟಿಯಂಚು ಸ್ವಲ್ಪವೇ ಅಲುಗಿತು. "ಇನ್ನೊಂದು ಕಾಲಿಂದೂ ಬಿಡಿ ಸರ್," ಎಂದರು.

ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. ಎರಡೂ ಕಾಲು ಊರಿದ ಮೇಲೆ ತಮ್ಮ ಕೈ ಎಲ್ಲಿದೆ ಎಂದು ನೋಡಿಕೊಂಡರು. ಕೈಯ ಕೆಳಗೆ ಬಣ್ಣವೆಲ್ಲ ಸವೆದು, ಬೇವಿನ ಮರ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಕಾಣುತ್ತಿತ್ತು. ಅವರು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಫೈಲು ತೆರೆದು ಬರೆದರು. ಮೇಡಂ ನನ್ನ ಬೆನ್ನಿನ ಮೇಲೊಮ್ಮೆ ಕೈಯಿಟ್ಟು, ಡಾಕ್ಟರ ಹತ್ತಿರ ಒಂದು ರುಜು ಬೇಕು ಎನ್ನುತ್ತಾ ಅವರನ್ನು ಕರೆದುಕೊಂಡು ಒಳಗೆ ಹೋದರು.

ಪರೀಕ್ಷೆ ಮುಗಿದಿತ್ತು. ಈಗ ನಾನು ಮುಟ್ಟಬಹುದಿತ್ತು. ನನಗೆ ಒಳಗೆ ಹೋಗುವ ಕೆಲಸವೇನೂ ಇರಲಿಲ್ಲ. ಆದರೂ ಜಗಲಿ ಹತ್ತಿ, ಕಂಬದ ಪಕ್ಕ ನಿಂತು, ಎಲ್ಲರ ಹಾಗೆ ಎಡಗಾಲೆತ್ತಿ ಅದರ ಮೇಲೆ ಕೈಯಿಟ್ಟೆ. ಪರೀಕ್ಷಕರ ಅಂಗೈ ಬಿಟ್ಟುಹೋದ ಬಿಸಿ ಇನ್ನೂ ಇತ್ತು. ಅದರ ಕೆಳಗೆ ಬೆಳಗಿನಿಂದ ಬಂದವರೆಲ್ಲರದೂ ಇತ್ತೇನೋ. ಒಂದು ಚಪ್ಪಲಿ ಬಿಟ್ಟೆ. ಇನ್ನೊಂದನ್ನು ಬಿಡಲು ಮನಸ್ಸಾಗದೆ ಒಂಟಿ ಕಾಲಿನಲ್ಲೇ ನಿಂತೆ.

"ಮಗಾ, ನಿಂದಾಯ್ತಾ?" ಎಂದಿತು ಹಿಂದಿನಿಂದ ಒಂದು ದನಿ. ತಿರುಗಿ ನೋಡಿದೆ. ಕಂಕುಳಲ್ಲಿ ಔಷಧಿ ಚೀಟಿಯ ಚೀಲ ಸಿಕ್ಕಿಸಿಕೊಂಡಿದ್ದ ಒಬ್ಬ ಅಜ್ಜಿ. ಜೊತೆಗೆ ಯಾರೂ ಇರಲಿಲ್ಲ. "ಬೇಗ ಬಿಡವ್ವ, ನಾನೂ ಹಿಡ್ಕೋಬೇಕು."

"ಆಯ್ತಜ್ಜಿ," ಎಂದು ನಾನು ಪಕ್ಕಕ್ಕೆ ಸರಿದೆ.